ಬೂಸಾ ಅಂಗಡಿಯ ಹಾಲು

ಇಂದಿರಾನಗರದ ಆ ಜಾಗಕ್ಕೆ ಜನ ಸಂಜೆ ಹೊತ್ತು ಕಾರಿನಲ್ಲಿ ಬರುತ್ತಾರೆ, ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ, ಒಳಗೆ ಹೋಗಿ ಲೋಟ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಬಡಿಸುವ ಬ್ರೂಪಬ್ ಅದು. ಅದೇ ಕಂಪನಿಯವರು ಊರಿನಲ್ಲಿ ಇನ್ನೂ ಒಂದೆರಡು ಕಡೆ ಇಂಥದ್ದನ್ನೇ ಇಟ್ಟಿದ್ದಾರೆ. ಬೋರ್ಡಿನ ಮೇಲಿರುವ ಇಂಗ್ಲಿಷ್ ಹೆಸರು ಅಂಜಿನಮ್ಮನ ನಾಲಿಗೆಗೆ ಇವತ್ತಿಗೂ ಹೊರಳಿಲ್ಲ. ಅವಳು ಅದನ್ನು ಕರೆಯುವುದು ಬೂಸಾ ಅಂಗಡಿ ಎಂದು. ಯಾರು ಏನೇ ಹೇಳಲಿ, ಅವಳ ಲೆಕ್ಕದಲ್ಲಿ ಅಲ್ಲಿ ತಯಾರಾಗುವ ಮುಖ್ಯ ಪದಾರ್ಥ ದನದ ಮೇವು. ಮಿಕ್ಕ ನೀರನ್ನು ಏನು ಮಾಡಬೇಕೋ ತಿಳಿಯದೆ ಪಾಪ ಜನರಿಗೆ ಕುಡಿಸುತ್ತಾರೆ.

ಅಂಜಿನಮ್ಮ ಬೈಯಪ್ಪನಹಳ್ಳಿಯವಳು. ಮೆಟ್ರೋ ನಿಲ್ದಾಣದ ಬೈಯಪ್ಪನಹಳ್ಳಿಯಲ್ಲ, ಅದಕ್ಕೂ ಮೊದಲಿನದು. ಅವಳು ಮದುವೆಯಾಗಿ ಬಂದಾಗ ಮನೆಯ ಹಿಂದೆ ಹುಲ್ಲುಗಾವಲಿತ್ತು, ಅದರಾಚೆ ರೈಲು ಹಳಿ ಇತ್ತು. ಈಗ ಹಳಿ ಮಾತ್ರ ಉಳಿದಿದೆ. ಕೊಟ್ಟಿಗೆಯ ಎಡಕ್ಕೊಂದು ಪಿ.ಜಿ., ಬಲಕ್ಕೊಂದು ಪಿ.ಜಿ. ಮೇಲಿನ ಮಹಡಿಗಳಲ್ಲಿ ಹುಡುಗಿಯರು ಒಣಹಾಕಿದ ಟವೆಲ್ಲು ಗಾಳಿಗೆ ಹಾರಿ ಬಂದು ಗೌರಿಯ ಕೊಂಬಿಗೆ ಸಿಕ್ಕಿಕೊಳ್ಳುವುದುಂಟು. ಗೌರಿ ಎಂದರೆ ಹಸು. ಇನ್ನೊಂದು ಸಂಪಿಗೆ. ಮೂರನೆಯದಕ್ಕೆ ಒಳ್ಳೆ ಹೆಸರಿಡಬೇಕು ಎಂದು ಯೋಚಿಸುತ್ತಿರುವಾಗಲೇ ಅದು ಎಲ್ಲರನ್ನೂ ಒದ್ದು ತುಂಟಿ ಎನಿಸಿಕೊಂಡಿತು, ಅದೇ ಹೆಸರು ನಿಂತುಬಿಟ್ಟಿತು. ಗಂಡ ದೊಡ್ಡಮುನಿಯಪ್ಪ ಲಗೇಜ್ ಆಟೋ ಓಡಿಸುತ್ತಾನೆ. ಬೆಳಗಿನ ಹೊತ್ತು ಹೆಂಡತಿಯ ಸವಾರಿ, ಆಮೇಲೆ ಊರಿನ ಸವಾರಿ. ಮನೆಯ ಪಾಲಿನ ಮಾತನ್ನೆಲ್ಲ ಅಂಜಿನಮ್ಮನೇ ಆಡಿ ಮುಗಿಸುವುದರಿಂದ ಅವನಿಗೆ ಆಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಅವಳ ಬಾಯಿ ಜೋರು, ನಿಜ. ಹಾಲು ಕೊಳ್ಳುವವರು ಎರಡು ದಿನ ಊರಿಗೆ ಹೋಗುವಾಗ ಹೇಳದೆ ಹೋದರೆ, ವಾಪಸ್ ಬಂದಾಗ ಇಡೀ ಬೀದಿಗೆ ಕೇಳುವಂತೆ ವಿಚಾರಿಸಿಕೊಳ್ಳುತ್ತಾಳೆ. ಆದರೆ ಒಂದು ವಿಷಯದಲ್ಲಿ ಅವಳ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಅವಳ ಕ್ಯಾನಿನೊಳಗೆ ನಲ್ಲಿ ನೀರು ಇಣುಕಿಯೂ ನೋಡಿಲ್ಲ. ಅತ್ತೆ ಸಾಯುವ ಮುಂಚೆ ಸೊಸೆಗೆ ಒಡವೆ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ಕರೆದ ಹಾಲಿನ ಪಾತ್ರೆಯನ್ನು ನಲ್ಲಿಯ ಹತ್ತಿರವೂ ಇಡಬೇಡ, ನೋಡಿದವರು ಏನಾದರೂ ಅಂದುಕೊಂಡಾರು ಎಂದು ಹೇಳಿ ಕಣ್ಣು ಮುಚ್ಚಿದಳು. ಅಂಜಿನಮ್ಮ ಅದನ್ನು ಒಡವೆಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಹುಲ್ಲು ಹೋಯಿತು, ಕೆರೆಯ ಅಂಚಿನ ಹಸಿರು ಹೋಯಿತು, ಅಂಗಡಿಯ ಹಿಂಡಿ ಬೂಸಾ ಕೊಂಡು ಹಾಕಿ ಹಸು ಸಾಕುವುದು ಆನೆ ಸಾಕಿದಂತಾಯಿತು. ಮೂರನ್ನೂ ಮಾರಿಬಿಡೋಣ ಎಂದು ಗಂಡ ಹೆಂಡತಿ ತೀರ್ಮಾನ ಮಾಡಿ, ತೀರ್ಮಾನ ಮಾಡಿದ ದುಃಖಕ್ಕೆ ಅವತ್ತು ಅಡುಗೆಯನ್ನೂ ಮಾಡಿರಲಿಲ್ಲ. ಅಷ್ಟರಲ್ಲಿ ದೊಡ್ಡಮುನಿಯಪ್ಪನಿಗೆ ಆ ಪಬ್ಬಿಗೆ ಕುರ್ಚಿ ಸಾಗಿಸುವ ಬಾಡಿಗೆ ಬಂತು. ಹಿಂದಿನ ಓಣಿಯಲ್ಲಿ ಮಧುಕರ ಎಂಬ ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹಲಸೂರಿನವನು, ಬಿಯರು ಕುದಿಸುವುದೇ ಅವನ ಉದ್ಯೋಗ. ಪಕ್ಕದಲ್ಲಿ ಹಬೆಯಾಡುತ್ತಿದ್ದ ಬಾರ್ಲಿ ತುಂಬಿದ ಡ್ರಮ್ಮುಗಳು. ಸಾರವೆಲ್ಲ ಇಳಿದ ಆ ಬಾರ್ಲಿಯನ್ನು ಒಯ್ಯುವುದಿಲ್ಲ ಎಂದು ಕಸದ ಗಾಡಿಯವರು ಜಗಳ ಮಾಡಿ ಹೋಗಿದ್ದರಂತೆ. ದೊಡ್ಡಮುನಿಯಪ್ಪ ಒಂದು ಹಿಡಿ ಎತ್ತಿ ಮೂಸಿ ನೋಡಿದ, ಒಂದು ಡ್ರಮ್ಮು ಆಟೋಗೆ ಏರಿಸಿಕೊಂಡು ಬಂದ. ಗೌರಿ ಅವತ್ತು ಬಾನಿಯ ತಳವನ್ನೂ ನೆಕ್ಕಿದಳು.

ಅಂದಿನಿಂದ ದಿನಾ ಬೆಳಗ್ಗೆ ಇದೇ ಆಯಿತು. ಮಧುಕರ ಅದಕ್ಕೆ ಕಾಸು ಕೇಳಲಿಲ್ಲ, ಕಸ ಹೋದರೆ ಸಾಕು ಅವನಿಗೆ. ಆದರೂ ಸುಮ್ಮನೆ ತೆಗೆದುಕೊಳ್ಳಲು ಅಂಜಿನಮ್ಮನ ಮನಸ್ಸು ಕೇಳುತ್ತದೆಯೇ? ಹಸು ಕರು ಹಾಕಿದಾಗಲೆಲ್ಲ ಮೊದಲ ಗಿಣ್ಣು ಬೆಲ್ಲ ಏಲಕ್ಕಿ ಹಾಕಿಸಿಕೊಂಡು ಸ್ಟೀಲ್ ಡಬ್ಬಿಯಲ್ಲಿ ಇಂದಿರಾನಗರಕ್ಕೆ ಹೋಗುತ್ತದೆ. ಮಧುಕರ ಅದನ್ನು ಯಾರಿಗೂ ಹಂಚದೆ ಬಿಯರಿನ ಪೀಪಾಯಿಗಳ ಮರೆಯಲ್ಲಿ ನಿಂತು ಒಬ್ಬನೇ ತಿನ್ನುತ್ತಾನೆ.

ಹಸುಗಳು ಮೈ ತುಂಬಿಕೊಂಡವು, ಹಾಲು ಗಟ್ಟಿಯಾಯಿತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಬೀದಿಗಳಲ್ಲಿ ಅಂಜಿನಮ್ಮನ ಹಾಲಿಗೆ ಹೆಸರು ಬಂತು. ಆ ಹೆಸರನ್ನು ಬೀದಿ ಬೀದಿಗೆ ಹಬ್ಬಿಸಿದವರು ಶಿವಶಂಕರಪ್ಪನವರು.

ಅವರು ದಾವಣಗೆರೆಯವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತಿಯಾದ ಮೇಲೆ ಹೆಂಡತಿ ವಿಮಲಾಕ್ಷಿಯೊಂದಿಗೆ ಇಲ್ಲಿ ಮಗಳ ಮನೆಗೆ ಬಂದು ನೆಲೆಸಿದ್ದಾರೆ. ಮೊಮ್ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಪಾರ್ಕಿನಲ್ಲಿ ದಾವಣಗೆರೆಯ ಬೆಣ್ಣೆದೋಸೆಯನ್ನು ಹೊಗಳಿ ಇಲ್ಲಿಯದನ್ನು ತೆಗಳುವುದು, ಬೆಳಗ್ಗೆ ಲಿಂಗಪೂಜೆ, ಇಷ್ಟು ಅವರ ದಿನಚರಿ. ಪೂಜೆಯ ಹಾಲಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಾಫಿಯ ಹಾಲು ಯಾವ ಪಾತ್ರೆಯಲ್ಲಿ ಬಂದರೂ ಸರಿ, ಅಭಿಷೇಕದ ಹಾಲಿಗೆ ಮಾತ್ರ ಹಿಂದಿನ ಸಂಜೆಯೇ ಬೆಳಗಿದ ಹಿತ್ತಾಳೆ ಚೊಂಬನ್ನು ಗೇಟಿನ ಕಂಬದ ಮೇಲೆ ಬೋರಲು ಹಾಕಿರುತ್ತಾರೆ. ಅಂಜಿನಮ್ಮ ಗೌರಿಯೊಬ್ಬಳಿಂದಲೇ, ಎಲ್ಲಕ್ಕಿಂತ ಮೊದಲು ಕರೆದು, ಬೇರೆ ಡಬ್ಬಿಯಲ್ಲಿ ತಂದ ಹಾಲನ್ನು ಆ ಚೊಂಬಿಗೆ ಹುಯ್ಯಬೇಕು. ಬೇರೆ ಯಾರಾದರೂ ಇಷ್ಟು ಕಾಯಿದೆ ಹೇಳಿದ್ದರೆ ಅವಳು ಚೊಂಬನ್ನು ಅವರ ತಲೆಯ ಮೇಲೇ ಬೋರಲು ಹಾಕುತ್ತಿದ್ದಳು. ಇವರ ಮಾತಿಗೆ ಮಾತ್ರ ಮರು ಮಾತಿಲ್ಲ. ತಾನು ಕರೆದ ಹಾಲು ದಿನಾ ದೇವರ ನೆತ್ತಿಯ ಮೇಲೆ ಬೀಳುತ್ತದೆ ಎಂಬುದು ಅವಳ ಬದುಕಿನಲ್ಲಿ ಅವಳು ಯಾರಿಗೂ ಹೇಳಿಕೊಳ್ಳದ ಒಂದೇ ಒಂದು ಜಂಬ.

ಮೊದಮೊದಲು ಒಮ್ಮೆ ಶಿವಶಂಕರಪ್ಪನವರು, ಹಸುವಿಗೆ ಏನು ಹಾಕುತ್ತೀ ಎಂದು ಕೇಳಿದ್ದರು. ಬಾರ್ಲಿ ಎಂದಿದ್ದಳು. ಸುಳ್ಳೇನಲ್ಲವಲ್ಲ. ಎಲ್ಲಿಯ ಬಾರ್ಲಿ ಎಂದು ಅವರು ಕೇಳಲಿಲ್ಲ, ಅವಳಾಗಿ ಹೇಳಲಿಲ್ಲ. ಬಾರ್ಲಿ ತಿಂದ ಹಸುವಿನ ಹಾಲು, ನೋಡಿ, ನೋಡಿ, ಎಂದು ಅವರು ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಅವಳಿಗೆ ಗಿರಾಕಿಗಳನ್ನು ಹಿಡಿದುಕೊಟ್ಟರು. ಪ್ರತಿಸಲ ಅವರು ಬಾರ್ಲಿ ಎಂದಾಗಲೂ ಅಂಜಿನಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಹೀಗೆ ಎಲ್ಲ ಸಲೀಸಾಗಿ ನಡೆದುಕೊಂಡು ಹೋಗುತ್ತಿರುವಾಗ ದಾವಣಗೆರೆ ಅಡ್ಡ ಬಂತು.

ಮಾಗಿ ಚಳಿಯ ಒಂದು ಬೆಳಗ್ಗೆ ಮಧುಕರ ಡ್ರಮ್ಮು ಎತ್ತಿಕೊಡುತ್ತಾ ಸಪ್ಪೆ ಮುಖ ಮಾಡಿಕೊಂಡು ಸುದ್ದಿ ಹೇಳಿದ. ಕಂಪನಿಯವರು ಬೆಂಗಳೂರು ದಾಟಿ ಹೊರಗೆ ಹೋಗಬೇಕೆಂದಿದ್ದಾರೆ. ದಾವಣಗೆರೆಯಲ್ಲಿ ಕಾಲೇಜುಗಳಿವೆ, ದುಡ್ಡಿನವರಿದ್ದಾರೆ, ಬೆಣ್ಣೆ ತಿಂದವರಿಗೆ ಬಾಯಾರಿಕೆಯೂ ಆಗುತ್ತದೆ. ಮುಖ್ಯರಸ್ತೆಯ ಮೇಲೆ ಒಂದು ಕಟ್ಟಡವೂ ಸಿಕ್ಕಿದೆ. ಮೊದಲು ಸೀರೆ ಅಂಗಡಿಯಿತ್ತಂತೆ, ಈಗ ಖಾಲಿ. ಅದಾದರೆ ಮಧುಕರನೇ ಅಲ್ಲಿಯ ಮುಖ್ಯಸ್ಥ. ದುಡ್ಡು ಹಾಕುವವರು ಹಾಕುವುದೂ ಅದನ್ನು ನೋಡಿಕೊಂಡೇ. ಅದಾಗದಿದ್ದರೆ ಕೈ ಎತ್ತುತ್ತಾರೆ. ಆಗ ಕಂಪನಿ ಖರ್ಚು ಉಳಿಸಲು ಇಂದಿರಾನಗರದಲ್ಲಿ ಕುದಿಸುವುದನ್ನೇ ನಿಲ್ಲಿಸಿ ಬಿಯರನ್ನು ಊರಾಚೆಯ ಫ್ಯಾಕ್ಟರಿಯಿಂದ ತರಿಸುತ್ತದೆ. ಕುದಿಸದ ಮೇಲೆ ಬೂಸಾ ಎಲ್ಲಿಯದು?

"ಕಟ್ಟಡದ ಓನರ್ ಒಪ್ತಾ ಇಲ್ಲ ಅಕ್ಕ. ಇಲ್ಲೇ ನಿಮ್ ತಿಪ್ಪಸಂದ್ರದಲ್ಲೇ ಇದ್ದಾರೆ, ಶಿವಶಂಕರಪ್ಪ ಅಂತ. ನಾವೆಲ್ಲ ಮನೆಗೇ ಹೋಗಿದ್ವಿ. ಉಪ್ಪಿಟ್ಟು ಕೊಟ್ರು, ಕಾಫಿ ಕೊಟ್ರು, ಕಟ್ಟಡ ಮಾತ್ರ ಕೊಡಲ್ಲ ಅಂದ್ರು."

ಆ ಕಾಫಿಯ ಹಾಲು ಯಾರದೆಂದು ಅಂಜಿನಮ್ಮ ಮಧುಕರನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಅಲ್ಲೇ ಕಾಲು ಹಿಡಿದುಕೊಂಡು ಶಿಫಾರಸು ಮಾಡಿ ಎನ್ನುತ್ತಿದ್ದ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ದೊಡ್ಡಮುನಿಯಪ್ಪ ಎರಡು ಸಲ ತಿರುಗಿ ನೋಡಿ, ಹೆಂಡತಿ ಆಟೋದಿಂದ ಬಿದ್ದಿಲ್ಲ ಎಂದು ಖಚಿತ ಮಾಡಿಕೊಂಡ.

ಮಾರನೆಯ ದಿನ ಗೇಟಿನ ಹತ್ತಿರ ಶಿವಶಂಕರಪ್ಪನವರೇ ವಿಷಯ ಎತ್ತಿದರು. ಬೆಳಗ್ಗೆ ಬೆಳಗ್ಗೆ ಮಾತಾಡಲು ಅವರಿಗೆ ಸಿಗುವವಳು ಅಂಜಿನಮ್ಮ ಒಬ್ಬಳೇ. ಮಗಳು ಅಳಿಯ ಆಫೀಸಿನ ಫೋನಿನೊಳಗಿರುತ್ತಾರೆ. ಬಿಯರಿನವರು ಬಂದಿದ್ದರು, ಬಾಡಿಗೆ ಚೆನ್ನಾಗಿಯೇ ಕೊಡುತ್ತಾರಂತೆ, ಕಟ್ಟಡ ಖಾಲಿ ಬಿದ್ದು ಪಾರಿವಾಳದ ಪಾಲಾಗಿರುವುದೂ ನಿಜ, ಎಂದೆಲ್ಲ ಹೇಳಿ, ಅವಳು ಆಗಷ್ಟೇ ತುಂಬಿಸಿದ್ದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ದಿನಾ ಲಿಂಗಕ್ಕೆ ಹಾಲೆರೆಯೋ ಕೈ ಇದು ತಾಯಿ. ಇದೇ ಕೈಲೆ ಅಂಥಾದ್ದಕ್ಕೆ ಸಹಿ ಹಾಕ್ಲೇನು? ನೀನೇ ಹೇಳು."

ಅವಳು ಏನು ಹೇಳಿಯಾಳು? ಹಾಕಿ ಸಾರ್ ಎಂದರೆ ಅದು ತನ್ನ ಹಸುಗಳ ಹೊಟ್ಟೆಯ ಮಾತು. ಬೇಡ ಎನ್ನಲು ಬಾಯಿ ಬರುವುದಿಲ್ಲ. ನಂಗೆ ಅದೆಲ್ಲ ಗೊತ್ತಾಗಲ್ಲ ಸಾರ್ ಎಂದು ಕ್ಯಾನು ಎತ್ತಿಕೊಂಡು ಹೊರಟಳು. ಆದರೆ ಆ ಚೊಂಬು ಕಣ್ಣ ಮುಂದಿನಿಂದ ಹೋಗಲಿಲ್ಲ. ಯಾವುದನ್ನು ಮುಟ್ಟಬಾರದೆಂದು ಆ ಮನುಷ್ಯ ಇಷ್ಟು ಸಂಕಟಪಡುತ್ತಿದ್ದಾನೋ ಅದರ ಬಾಗಿಲಿಂದಲೇ ಬಂದ ಹಾಲನ್ನು ದೇವರಿಗೆ ಎರೆಯುತ್ತಿದ್ದಾನೆ. ಹೇಳದೆ ಇದ್ದರೆ ಮೋಸ. ಹೇಳಿದರೆ ಚೊಂಬು ಹೋಯಿತು, ಗಿರಾಕಿಗಳು ಹೋದರು, ಕಟ್ಟಡ ಹೋಯಿತು, ಕೊನೆಗೆ ಹಸುಗಳೂ ಹೋದವು.

ಎರಡು ದಿನ ಒದ್ದಾಡಿ ಅವಳು ಒಂದು ಉಪಾಯ ಕಂಡುಹಿಡಿದಳು. ಉಪಾಯ ಎಂದರೆ ಅವಳೇ ಮಾಡಬಲ್ಲಂಥ ಉಪಾಯ. ಶಿವಶಂಕರಪ್ಪನವರು ಒಪ್ಪುವುದೋ ಬಿಡುವುದೋ ತೀರ್ಮಾನವಾಗುವ ತನಕ ಪಬ್ಬಿನ ಬೂಸಾ ಬಂದ್. ಅಂಗಡಿಯ ಹಿಂಡಿ, ಅಂಗಡಿಯ ಬೂಸಾ, ಒಣಹುಲ್ಲು. ದೇವರಿಗೆ ಹೋಗುವ ಹಾಲಾದರೂ ಈ ವ್ಯವಹಾರದಿಂದ ಹೊರಗಿರಲಿ. ಅವರು ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಲಿ, ಆಮೇಲೆ ನೋಡಿಕೊಳ್ಳೋಣ.

ದೊಡ್ಡಮುನಿಯಪ್ಪ ಪೂರ್ತಿ ಕೇಳಿಸಿಕೊಂಡು ಬೀಡಿ ಆರಿಸಿದ. "ದೇವ್ರಿಗೆ ಗೊತ್ತಾಗುತ್ತೋ ಇಲ್ವೋ, ಹಸೂಗೆ ಗೊತ್ತಾಗುತ್ತೆ ಕಣೆ" ಎಂದ. ಆ ವಾರ ಅವನು ಆಡಿದ ಅತಿ ಉದ್ದದ ಮಾತು ಅದು.

ಗೊತ್ತಾಯಿತು. ಗೌರಿ ಬಾನಿಗೆ ಮೂತಿ ಇಟ್ಟು, ಮೂಸಿ, ತಲೆಯೆತ್ತಿ ಅಂಜಿನಮ್ಮನ ಮುಖವನ್ನೇ ನೋಡಿದಳು. ಸಂಪಿಗೆ ಅರ್ಧ ತಿಂದು ಮಲಗಿದಳು. ತುಂಟಿ ಬಾನಿಯನ್ನೇ ಒದ್ದು ಉರುಳಿಸಿದಳು. ಇಂದಿರಾನಗರದಲ್ಲಿ ಡ್ರಮ್ಮುಗಳು ತುಂಬಿ ಕೂತಿದ್ದವು, ಮಧುಕರ ಫೋನ್ ಮಾಡಿ ಮಾಡಿ ಸೋತ. ಆಟೋ ಕೆಟ್ಟಿದೆ ಎಂದಳು, ಸೊಂಟ ಹಿಡಿದಿದೆ ಎಂದಳು, ನೆಂಟರು ಬಂದಿದ್ದಾರೆ ಎಂದಳು. ಸುಳ್ಳು ಹೇಳಬಾರದೆಂದು ಶುರು ಮಾಡಿದ ಕೆಲಸದಲ್ಲಿ ದಿನಕ್ಕೊಂದು ಸುಳ್ಳು ಹೇಳಬೇಕಾಗಿ ಬಂತು. ಇತ್ತ ಹಾಲು ಕಡಿಮೆಯಾಯಿತು. ಕಡಿಮೆಯಾದದ್ದು ಹಾಗಿರಲಿ, ತೆಳ್ಳಗಾಯಿತು. ಕಾಯಿಸಿದರೆ ಕೆನೆ ಕಟ್ಟುವುದಕ್ಕೇ ಬೇಜಾರು ಮಾಡಿಕೊಳ್ಳುವಂತಿತ್ತು.

ಬೀದಿಯವರು ಗೊಣಗಿದರು. ಅದನ್ನು ಅವಳು ಅಲ್ಲಲ್ಲೇ ಬಾಯಿ ಮಾಡಿ ಮುಚ್ಚಿಸಿದಳು. ಆದರೆ ಒಂದು ಬೆಳಗ್ಗೆ ಶಿವಶಂಕರಪ್ಪನವರು ಗೇಟಿನ ಬಳಿ ಕಾದಿದ್ದರು. ಚೊಂಬಿಗೆ ಬಿದ್ದ ಹಾಲನ್ನು ಬೆಳಕಿಗೆ ಓರೆ ಮಾಡಿ ನೋಡಿದರು, ಕೆಮ್ಮಿದರು, ಅತ್ತಿತ್ತ ನೋಡಿದರು. ಪಾಪ, ಅವರಿಗೂ ಸಂಕೋಚವೇ. ಸಣ್ಣ ದನಿಯಲ್ಲಿ ಹೇಳಿದರು:

"ಅಂಜಿನಮ್ಮ, ನಿನಗೂ ಕಷ್ಟ ಇರ್ತಾವು, ನನಗೆ ತಿಳೀತೈತಿ. ಕಾಫಿ ಹಾಲಿಗೆ ಏನಾರ ಮಾಡ್ಕೋ. ಪೂಜೆ ಹಾಲಿಗೆ ಮಾತ್ರ ನೀರು ಹಾಕ್ಬ್ಯಾಡ ತಾಯಿ."

ನೀರು! ಅಂಜಿನಮ್ಮನ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಕಳ್ಳಿ ಎಂದಿದ್ದರೆ ತಿರುಗಿಸಿ ಎರಡು ಮಾತು ಹೇಳುತ್ತಿದ್ದಳು. ಇಷ್ಟು ಮೆಲ್ಲಗೆ, ಇಷ್ಟು ಕರುಣೆಯಿಂದ ಹೇಳಿದ ಆ ಮಾತಿಗೆ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಸತ್ತ ಅತ್ತೆ ನೆನಪಾದಳು. ಪಬ್ಬಿನ ಬೂಸಾ ತಿನ್ನಿಸಿದವಳು ಎನ್ನಲಿ, ಹೆಂಡದ ಹಸು ಸಾಕಿದವಳು ಎನ್ನಲಿ, ಊರೆಲ್ಲ ಸಾರಲಿ. ನೀರು ಹಾಕಿದವಳು ಎನಿಸಿಕೊಂಡು ಈ ಬೀದಿಯಲ್ಲಿ ನಡೆಯಲು ಮಾತ್ರ ಅವಳಿಂದಾಗದು.

"ಸಾರ್, ನಾಳೆ ಬೆಳಗ್ಗೆ ನನ್ ಜೊತೆ ಬನ್ನಿ" ಎಂದಳು. "ಹಾಲು ಯಾಕೆ ತೆಳ್ಳಗಾಯ್ತು ಅಂತ ತೋರಿಸ್ತೀನಿ. ನೋಡಿದ್ಮೇಲೆ ಚೊಂಬು ಇಡೋದು ಬಿಡೋದು ನಿಮ್ಗೆ ಬಿಟ್ಟಿದ್ದು."

ಶಿವಶಂಕರಪ್ಪನವರು ಹೇಳಿದ ಹೊತ್ತಿಗೆ ಸರಿಯಾಗಿ ಪಂಚೆ, ಸ್ವೆಟರು, ಮಂಕಿ ಟೋಪಿ ಧರಿಸಿ ಗೇಟಿನಲ್ಲಿ ನಿಂತಿದ್ದರು. ಮಂಕಿ ಟೋಪಿಯ ಕೆಳಗೆ ವಿಭೂತಿ ಇಣುಕುತ್ತಿತ್ತು. ಲಗೇಜ್ ಆಟೋದಲ್ಲಿ ಡ್ರೈವರ್ ಸೀಟಿನ ಪಕ್ಕ ಒಬ್ಬರು ಕೂರಬಹುದು ಎಂದು ಹೇಳುವವರು ಎಂದೂ ಕೂತಿರುವುದಿಲ್ಲ. ಅವರು ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ದೊಡ್ಡಮುನಿಯಪ್ಪನ ಭುಜ ಹಿಡಿದುಕೊಂಡು ಕೂತರು. ಅಂಜಿನಮ್ಮ ಹಿಂದೆ ಖಾಲಿ ಡ್ರಮ್ಮುಗಳ ನಡುವೆ ನಿಂತಳು. ಮಾರ್ಕೆಟ್ ರಸ್ತೆಯಲ್ಲಿ ಹೂವಿನವರು ಬುಟ್ಟಿ ಬಿಚ್ಚುತ್ತಿದ್ದರು. ಮ್ಯಾನೇಜರ್ ಸಾಹೇಬರ ಈ ಮೆರವಣಿಗೆಯನ್ನು ನೋಡಿ ಒಬ್ಬಳು ಕೈಯಲ್ಲಿದ್ದ ಮಾರು ಹೂವನ್ನೇ ಅಳೆಯಲು ಮರೆತಳು. ಎಲ್ಲಿಗೆ ಎಂದು ಅವರು ಒಮ್ಮೆ ಕೇಳಿದರು. ದೊಡ್ಡಮುನಿಯಪ್ಪ ಹಾರ್ನ್ ಹೊಡೆದ.

ನೂರಡಿ ರಸ್ತೆ ಬಿಟ್ಟು ಹಿಂದಿನ ಓಣಿಗೆ ಆಟೋ ಹೊಕ್ಕಾಗ ಬೆಳಕು ಬಿಟ್ಟಿತ್ತು. ಹಿಂಬಾಗಿಲಲ್ಲಿ ಗಮ್‌ಬೂಟು ಹಾಕಿಕೊಂಡ ಮಧುಕರ, ದೊಡ್ಡ ಸ್ಟೀಲಿನ ಹಂಡೆಯ ಬಾಯಿ ತೆಗೆದು ಬೇಯಿಸಿದ ಬಾರ್ಲಿಯನ್ನು ಹೊರಕ್ಕೆ ಎಳೆಯುತ್ತಿದ್ದ. ಹಬೆಯ ನಡುವಿನಿಂದ ಅಂಜಿನಮ್ಮನನ್ನು ಕಂಡು ಬಾಯಗಲ ಮಾಡಿ ನಕ್ಕ. ಅವಳ ಹಿಂದೆ ಮಂಕಿ ಟೋಪಿ ತೆಗೆಯುತ್ತಿದ್ದವರನ್ನು ಕಂಡು ಹಾಗೇ ನಿಂತ. ಉಪ್ಪಿಟ್ಟು ಕೊಟ್ಟು ಕಳಿಸಿದವರು ಹಿಂಬಾಗಿಲಿಂದ ಬರುತ್ತಾರೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಶಿವಶಂಕರಪ್ಪನವರು ಹುಡುಗನನ್ನು ನೋಡಿದರು, ಹಂಡೆಯನ್ನು ನೋಡಿದರು, ಖಾಲಿ ಡ್ರಮ್ಮುಗಳನ್ನು ನೋಡಿದರು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವರು, ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಆದರೂ ಅಂಜಿನಮ್ಮ ತಾನೇ ಹೇಳಿದಳು. ತಾನೇ ಹೇಳಬೇಕೆಂದೇ ಕರೆದುಕೊಂಡು ಬಂದಿದ್ದಳು.

"ಇದೇ ಸಾರ್ ನನ್ ಬಾರ್ಲಿ. ಇಷ್ಟು ವರ್ಷ ಗೌರಿ ತಿಂದಿದ್ದು ಇದನ್ನೇ, ನೀವು ಪೂಜೆಗೆ ತಗೊಂಡಿದ್ದು ಇದ್ರ ಹಾಲನ್ನೇ. ಎಲ್ಲಿಂದ ಅಂತ ಹೇಳ್ಲಿಲ್ಲ, ಅದು ನನ್ ತಪ್ಪು. ನಿಮ್ ಕಟ್ಟಡದ ವಿಷಯ ಗೊತ್ತಾದ್ಮೇಲೆ ಮನಸ್ಸು ಕೇಳ್ದೆ ನಿಲ್ಲಿಸ್ಬಿಟ್ಟೆ. ಅದಕ್ಕೇ ಹಾಲು ತೆಳ್ಳಗಾಗಿದ್ದು. ನೀರು ಮಾತ್ರ ಹಾಕಿಲ್ಲ. ನನ್ ಹಸುಗಳ ಆಣೆ ಸಾರ್."

ಮಧುಕರ ಇದರಲ್ಲಿ ಅರ್ಧ ಅರ್ಥವಾಗಿ ಅರ್ಧ ಆಗದೆ, ಕೈಯಲ್ಲಿದ್ದ ಗುದ್ದಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಶಿವಶಂಕರಪ್ಪನವರು ಇದರಲ್ಲಿ ಅಮಲು ಬರುವಂಥದ್ದು ಏನಾದರೂ ಇದೆಯೇ ಎಂದು ಅವನನ್ನು ಕೇಳಿದರು. ಇಲ್ಲ ಸಾರ್, ಬರೀ ಬೇಯಿಸಿದ ಬಾರ್ಲಿ, ಸಿಹಿನೀರನ್ನು ಬಸಿದುಕೊಂಡು ಇದನ್ನು ಹೊರಗೆ ತೆಗೆದ ಮೇಲೇ ಹುಳಿ ಬರಿಸುವುದು ಎಂದು ಅವನು ಹೇಳಿದ. ಅವರು ಬಗ್ಗಿ ಒಂದು ಹಿಡಿ ಎತ್ತಿಕೊಂಡರು. ಬಿಸಿಯಾಗಿತ್ತು. ಅಜ್ಜಿ ಕಲಸುತ್ತಿದ್ದ ಹುರಿಹಿಟ್ಟಿನ ವಾಸನೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು. ಕೈ ಒರೆಸಿಕೊಂಡು ಹೋಗಿ ಆಟೋದಲ್ಲಿ ಕೂತರು.

ಮನೆಯ ಗೇಟಿನಲ್ಲಿ ಇಳಿದವರು ಹಿಂತಿರುಗಿ ನೋಡದೆ ಒಳಗೆ ಹೋದರು.

ಮಾರನೆಯ ದಿನ ಕಂಬದ ಮೇಲೆ ಚೊಂಬು ಇರಲಿಲ್ಲ.

ವಿಮಲಾಕ್ಷಿ ಸ್ಟೀಲ್ ಪಾತ್ರೆ ಹಿಡಿದು ಹೊರಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಕಾಫಿಗೆ ಹಾಕು, ನನಗೆ ಗಟ್ಟಿ ಹಾಲಿಲ್ಲದೆ ತಲೆ ನೋಯುತ್ತದೆ, ಬೂಸಾ ಎಲ್ಲಿಂದ ಬಂದರೆ ನನಗೇನು ಎಂದರು. ಪೂಜೆಗೆ ಎಂದು ಅಂಜಿನಮ್ಮ ರಾಗ ಎಳೆದಾಗ ಮುಖ ಸಣ್ಣದು ಮಾಡಿಕೊಂಡು, ಇವತ್ತು ಬೇಡವಂತೆ ಎಂದರು. ಗೌರಿಯಿಂದ ಮೊದಲು ಕರೆದು ಬೇರೆಯಾಗಿ ತಂದಿದ್ದ ಡಬ್ಬಿ ತುಂಬಿದಂತೆಯೇ ಮನೆಗೆ ವಾಪಸ್ ಬಂತು. ಅದನ್ನು ಕಾಯಿಸಲೂ ಮನಸ್ಸಾಗಲಿಲ್ಲ ಅವಳಿಗೆ. ಒಲೆಯ ಪಕ್ಕ ಇಟ್ಟುಕೊಂಡು ಕೂತಳು. ಹೇಳಿದ್ದು ಸರಿ ಎಂದು ಗೊತ್ತಿತ್ತು. ಸರಿ ಮಾಡಿದ ಮೇಲೂ ಇಷ್ಟು ಸಂಕಟವಾಗುವುದಾದರೆ ಜನ ಯಾಕೆ ಸರಿ ಮಾಡುತ್ತಾರೋ ಎನಿಸಿತು. ದೊಡ್ಡಮುನಿಯಪ್ಪ ಆಟೋ ಹತ್ತಿ ಹೋಗಿ, ಅವಳನ್ನು ಕೇಳದೆಯೇ ಬಾರ್ಲಿ ತುಂಬಿಕೊಂಡು ಬಂದ. ಗೌರಿ ಬಾನಿಯ ತಳ ನೆಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಅದರ ಮಾರನೆಯ ಬೆಳಗ್ಗೆ ಅವಳು ಗೌರಿಯ ಕೆಚ್ಚಲು ತೊಳೆದು ಕೂರುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಸಗಣಿ ದಾಟಿಕೊಂಡು ಶಿವಶಂಕರಪ್ಪನವರು ಒಳಗೆ ಬಂದರು. ಇಷ್ಟು ವರ್ಷದಲ್ಲಿ ಅವರು ಇತ್ತ ಬಂದವರೇ ಅಲ್ಲ. ಒಂದು ಕೈ ಶಾಲಿನೊಳಗಿತ್ತು.

ಮೊದಲು ಕಟ್ಟಡದ ಮಾತೇ ಆಡಿದರು, ಗಂಡಸರು ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳುವ ಹಾಗೆ. ಕಂಪನಿಯವರಿಗೆ ಫೋನ್ ಮಾಡಿದ್ದಾರಂತೆ. ಬಾಡಿಗೆಗೆ ಕೊಡಲು ಒಪ್ಪಿದ್ದಾರಂತೆ. ಲೈಸೆನ್ಸು ಸಿಗಬೇಕು, ದಾವಣಗೆರೆಯಲ್ಲಿ ಅಣ್ಣತಮ್ಮಂದಿರು ರಾಗ ತೆಗೆಯುವುದು ಇದ್ದೇ ಇದೆ, ಆದರೆ ಆಯಿತು, ಹೋದರೆ ಹೋಯಿತು. ಒಂದೇ ಒಂದು ಷರತ್ತು ಹಾಕಿದ್ದಾರೆ. ಅಲ್ಲಿ ಕುದಿಸಿದ ಬಾರ್ಲಿ ಹಸು ಸಾಕುವವರಿಗೇ ಹೋಗಬೇಕು, ಹಿಂದಿನ ಓಣಿಯಿಂದಲ್ಲ, ಮುಂದಿನ ಬಾಗಿಲಿಂದ, ಹಾಡಹಗಲು. ಅಂಜಿನಮ್ಮ ಹೂಂಗುಟ್ಟಿದಳು. ಸಂತೋಷಪಡಬೇಕಾದ ಸುದ್ದಿ ಎಂದು ಗೊತ್ತಿತ್ತು. ಮಧುಕರ ಕುಣಿಯುತ್ತಾನೆ, ಇಂದಿರಾನಗರದ ಹಂಡೆ ಕುದಿಯುತ್ತದೆ, ಹಸುಗಳು ಉಳಿಯುತ್ತವೆ. ಆದರೂ ಅವಳ ಕಣ್ಣು ಆ ಶಾಲಿನ ಕಡೆಗೇ ಇತ್ತು.

ಅವರು ಶಾಲು ಸರಿಸಿ ಹಿತ್ತಾಳೆ ಚೊಂಬನ್ನು ಹೊರಗೆ ತೆಗೆದರು.

"ನಿನ್ನೆ ಪೂಜೆಗೆ ಹಾಲಿಲ್ಲ ನೋಡು. ಬರೀ ನೀರು ಎರೆದೆ. ಆವಾಗ ತಿಳೀತು. ಇಷ್ಟು ವರ್ಷ ನೀನು ಕೊಟ್ಟಿದ್ದನ್ನ ಆ ದೇವರು ಒಂದಿನಾನೂ ಬ್ಯಾಡ ಅನ್ನಲಿಲ್ಲ, ನಡುವೆ ಬ್ಯಾಡ ಅನ್ನಾಕೆ ನಾನ್ಯಾರು? ನಿನಗೆ ನೀರು ಹಾಕ್ದಿ ಅಂದೆ. ಕಡೀಗೆ ನೀರು ಹಾಕಿದೋನು ನಾನೇ ಆದೆ ತಾಯಿ."

ಅಂಜಿನಮ್ಮನಿಗೆ ದುಃಖ ಉಮ್ಮಳಿಸಿ ಬಂತು, ಜೊತೆಗೆ ನಗುವೂ ಬಂತು; ಯಾವುದನ್ನು ತಡೆಯುವುದೋ ತಿಳಿಯದೆ ಮುಖವನ್ನು ಗೌರಿಯ ಪಕ್ಕೆಗೆ ಒತ್ತಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿ ಚೊಂಬು ತೆಗೆದುಕೊಂಡಳು. ಡಬ್ಬಿಯ ಗೊಡವೆ ಇಲ್ಲದೆ, ಅವರು ನೋಡುತ್ತಿರುವಂತೆಯೇ, ನೇರ ಚೊಂಬಿಗೇ ಹಾಲು ಕರೆಯತೊಡಗಿದಳು.